ಬಿಸಿಲಿಗಿಟ್ಟ ಸಿಗಾರ್

ವೆಂಕಟರಾಯಪ್ಪನವರಿಗೆ ಸಿಗಾರಿನ ರುಚಿ ಹತ್ತಿದ್ದು ಐವತ್ತು ದಾಟಿದ ಮೇಲೆ. ಆಗ ದೇವನಹಳ್ಳಿಯ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದರು. ಸೀಟಿನ ಮೇಲೆ ಬಿಟ್ಟುಹೋದ ಚೀಲವನ್ನು ಹುಡುಕಿಕೊಂಡು ಹೋಗಿ ಕೊಟ್ಟದ್ದಕ್ಕೆ ಪ್ರಯಾಣಿಕರೊಬ್ಬರು ಒಂದು ಸಿಗಾರನ್ನು ಕೈಗಿಟ್ಟಿದ್ದರು. ವೆಂಕಟರಾಯಪ್ಪನವರು ಅದನ್ನು ಹಚ್ಚಿ, ಬೀಡಿಯ ಹಾಗೆ ಹೊಗೆಯನ್ನು ಎದೆಗೆಳೆದುಕೊಂಡು, ತಲೆ ಸುತ್ತಿ ಹೊಂಗೆಮರದ ಬುಡದಲ್ಲಿ ಕೂತುಬಿಟ್ಟರು. ನೀರಿನ ಬಾಟಲಿ ತಂದುಕೊಟ್ಟು, ಹೊಗೆ ಬಾಯಲ್ಲೇ ಆಡಿ ಹೊರಗೆ ಹೋಗಬೇಕೆಂದು ಹೇಳಿಕೊಟ್ಟವನು ಜೊತೆಯ ಡ್ರೈವರ್ ಖಲೀಲ್.

ಅಲ್ಲಿಂದ ತಿಂಗಳಿಗೊಂದು. ಮೊದಮೊದಲು ಕಪ್ಪಗೆ ದಪ್ಪಗೆ ಇದ್ದದ್ದೇ ಒಳ್ಳೆಯದೆಂದು ನಂಬಿ, ಕಣ್ಣಲ್ಲಿ ನೀರು ಬಂದರೂ ಭೇಷ್ ಎನ್ನುತ್ತಿದ್ದರು. ಆಮೇಲೆ ಒಂದು ವರ್ಷ ವೆನಿಲಾ ಹಾಕಿದ್ದರ ಮೇಲೆ ಮನಸ್ಸು. ಅದರ ಸಿಹಿಗೂ ವಾಕರಿಕೆ ಬಂತು. ಹನ್ನೆರಡು ವರ್ಷ ಸುತ್ತಾಡಿ ಕೊನೆಗೆ ನಿಂತದ್ದು ತೆಳ್ಳನೆಯ, ತಿಳಿಕಂದು ಬಣ್ಣದ ಒಂದರಲ್ಲಿ. ಅರ್ಧ ಸುಟ್ಟ ಮೇಲೆ ಅದರಲ್ಲಿ ರಾಗಿ ಹುರಿಯುವಾಗಿನ ಘಮ ಬರುತ್ತಿತ್ತು. ಇದು ತನ್ನದು ಎಂದು ಅವರಿಗೆ ಅನ್ನಿಸಿದ್ದು ಆಗಲೇ.

ಹೆಂಡತಿ ಭಾಗ್ಯಮ್ಮ ಒಂದು ದಿನವೂ ಬೈದವರಲ್ಲ. ಗಂಡ ಜಗಲಿಯಲ್ಲಿ ಸಿಗಾರ್ ಹಚ್ಚಿದರೆ ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದರು, ಅಷ್ಟೆ.

ಈ ಬೇಸಿಗೆಯಲ್ಲಿ ಖಲೀಲನ ಮಗಳು ತಂಜೀಲಾ ದುಬೈಯಿಂದ ಬರುವಾಗ ಅದೇ ಸಿಗಾರಿನ ಹತ್ತರ ಪೆಟ್ಟಿಗೆ ತಂದಳು. ಕುಂದಾಣದ ತಮ್ಮ ಮನೆಯ ಬೀರುವಿನಲ್ಲಿಟ್ಟು ವೆಂಕಟರಾಯಪ್ಪನವರು ಭಾನುವಾರಕ್ಕಾಗಿ ಕಾದರು. ಆ ದಿನ ಊಟವಾದ ಮೇಲೆ ಭಾಗ್ಯಮ್ಮನೇ ಪೆಟ್ಟಿಗೆಯನ್ನು ಜಗಲಿಗೆ ತಂದರು.

"ಒತ್ತಿ ನೋಡ್ದೆ, ಮೆತ್ತಗಾಗ್ಬಿಟ್ಟಿದ್ವು. ಮೂರು ದಿನ ಸಂಡಿಗೆ ಜೊತೆ ಮಾಳಿಗೆ ಮೇಲೆ ಒಣಗಿಸ್ದೆ. ಈಗ ಗರಿಗರಿಯಾಗವೆ, ನೋಡಿ."

ಆ ಮೆದುವಿನಲ್ಲೇ ಸಿಗಾರಿನ ಜೀವ. ಕಿವಿಯ ಹತ್ತಿರ ಹಿಡಿದು ಒತ್ತಿದರೆ ತರಗೆಲೆಯ ಸದ್ದು. ವೆಂಕಟರಾಯಪ್ಪನವರು ಬೆಂಕಿಪೊಟ್ಟಣ ಕೈಗೆತ್ತಿಕೊಂಡರು. ಇಷ್ಟು ವರ್ಷದಲ್ಲಿ ಇವಳು ತನ್ನ ಸಿಗಾರನ್ನು ಮುಟ್ಟಿದ್ದು ಇದೇ ಮೊದಲು. ಈಗ ಹಾಳಾಯಿತು ಎಂದರೆ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಹಚ್ಚಿದರು. ಹುಲ್ಲಿನ ಹಾಗೆ ಬಿಸಿಯಾಗಿ, ಕಹಿಯಾಗಿ ಉರಿಯಿತು. ಚೆನ್ನಾಗಿದೆ ಎಂದರು.

ಭಾಗ್ಯಮ್ಮ ಬಾಗಿಲಲ್ಲೇ ನಿಂತಿದ್ದರು. "ರುಚಿ ಸಿಕ್ಕಿದ್ರೆ ನೀವು ಕಣ್ಣು ಮುಚ್ಕೋತೀರ. ಇವತ್ತು ಮುಚ್ಲಿಲ್ಲ."

ಅಡುಗೆಮನೆಯ ಕಿಟಕಿ ಜಗಲಿಗೆ ತೆರೆಯುತ್ತದೆ ಎಂಬುದನ್ನು ವೆಂಕಟರಾಯಪ್ಪನವರು ಯಾವತ್ತೂ ಯೋಚಿಸಿರಲಿಲ್ಲ. ಒಣಗಿ ರಾಗಿಯ ಘಮ ಹೋಗಿದೆ ಎಂದು ಈಗ ಇದ್ದದ್ದನ್ನು ಹೇಳಿದರು. ಭಾಗ್ಯಮ್ಮನ ಮುಖ ಸಣ್ಣಗಾಯಿತು. ಬಾಡಿದ ವೀಳ್ಯದೆಲೆಯನ್ನು ತಾನೂ ಬಾಯಿಗೆ ಹಾಕುವುದಿಲ್ಲವಲ್ಲ ಎಂದರು. ಉಳಿದ ಒಂಬತ್ತನ್ನು ಒಂದು ಡಬ್ಬಿಗೆ ಹಾಕಿ, ಎಲೆ ಸುತ್ತಿಡುವ ಬಟ್ಟೆಯನ್ನು ನೆನೆಸಿ ಹಿಂಡಿ, ಸಿಗಾರಿಗೆ ತಾಗದಂತೆ ಮೂಲೆಯಲ್ಲಿಟ್ಟು ಮುಚ್ಚಳ ಹಾಕಿದರು. ಮೂರು ವಾರ, ದಿನ ಬಿಟ್ಟು ದಿನ ಬಟ್ಟೆ ಬದಲಾಯಿಸಿದರು.

ಮತ್ತೊಂದು ಭಾನುವಾರ ವೆಂಕಟರಾಯಪ್ಪನವರು ಒಂದನ್ನು ಹಚ್ಚಿದರು. ಭಾಗ್ಯಮ್ಮ ಮಣೆ ತಂದು, ಗಾಳಿ ಬರುವ ಕಡೆಗೆ ಹಾಕಿಕೊಂಡು ಕೂತರು. ಸಿಗಾರ್ ಅರ್ಧಕ್ಕೆ ಬಂದಾಗ, ರಾಗಿಯ ಘಮ ಬಂತಾ ಎಂದು ಕೇಳಿದರು.

"ಚೂರು ಬಂತು. ಮೊದಲಿನಷ್ಟಿಲ್ಲ ಭಾಗ್ಯ."

"ಹಂಗೇ ಹೇಳಿ. ಇನ್ನೂ ಎಂಟವೆ, ಸುಳ್ಳು ಹೇಳಿದ್ರೆ ಸರಿಮಾಡೋದು ಹೆಂಗೆ?"

ಭಾಗ್ಯಮ್ಮ ಎದ್ದು ಒಳಗೆ ಹೋಗಲಿಲ್ಲ. ಸಿಗಾರ್ ಆರುವ ತನಕ ಅಲ್ಲೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದರು.