ಹಾಸಿಗೆ ನಂಬರಿಲ್ಲದವಳು

"ಆ ಕೊಳಕು ಕೈ ಮೇಜಿನ ಮೇಲಿಂದ ತೆಗಿಯೇ, ಮುಂಡೆ" ಎಂದ ಮೇಸ್ತ್ರಿ.

ಮೇಜು ರೆಕಾರ್ಡ್ ರೂಮಿನ ಗುಮಾಸ್ತರದು. ನನ್ನ ಬಲಗೈಗೆ ಹಳೇ ಸೀರೆಯ ಚೂರು ಸುತ್ತಿದ್ದೆ, ಕೀವು ಅದನ್ನೂ ದಾಟಿ ಬಂದಿತ್ತು. ತೆಗೆದೆ. ಗುತ್ತಿಗೆಯ ಮೇಲೆ ಆಸ್ಪತ್ರೆ ತೊಳೆಯುವ ನಮಗೆಲ್ಲ ಈ ಮೇಸ್ತ್ರಿಯೇ ಯಜಮಾನ. ನಮಗೆಂದು ಬರುವ ಗ್ಲೌಸಿನ ಡಬ್ಬಗಳನ್ನು ಎಲ್ಲಿಗೆ ಸಾಗಹಾಕುತ್ತಾನೋ, ಕೇಳಿದವರಿಗೆ ಕೆಲಸವಿಲ್ಲ.

ಆಸ್ಪತ್ರೆಗೆ ಬಂದ ಮೇಲೆ ಯಾರಿಗೆ ಹೊಸದಾಗಿ ಸೋಂಕು ಅಂಟಿತು ಎಂದು ಗುಮಾಸ್ತರು ತಿಂಗಳು ತಿಂಗಳು ಅಡ್ಮಿಷನ್ನು, ಬಿಲ್ಲು ನೋಡಿ ಹೆಕ್ಕಿ ತೆಗೆದು, ಪಟ್ಟಿ ಮಾಡಿ ದೊಡ್ಡ ಡಾಕ್ಟರಿಗೆ ಕಳಿಸುತ್ತಾರೆ. ಅದರಲ್ಲಿ ಬಂದವರಿಗೆ ಒಳ್ಳೆಯ ಔಷಧಿ ಸಿಗುತ್ತದೆ, ಕಾರಣವನ್ನೂ ಹುಡುಕುತ್ತಾರೆ. ನನ್ನನ್ನೂ ಅದರಲ್ಲಿ ಸೇರಿಸಿ ಎಂದು ಕೇಳಲು ಹೋಗಿದ್ದೆ. ನನ್ನಕ್ಕನನ್ನೂ.

ಗುಮಾಸ್ತರು ಕೆಟ್ಟವರಲ್ಲ. ಮಾನಿಟರಿನಿಂದ ತಲೆ ಎತ್ತದೆ ಹೇಳಿದರು. "ಕಂಪ್ಯೂಟರು ಅಡ್ಮಿಟ್ ಆದೋರನ್ನ ಮಾತ್ರ ಹಿಡಿಯುತ್ತಮ್ಮ. ಹಾಸಿಗೆ ನಂಬರ್ ಇಲ್ದೇ ಇದ್ರೆ ನಾನೇನು ಮಾಡ್ಲಿ?"

"ನಮ್ಮಕ್ಕ ಸತ್ಲಲ್ಲ ಸಾರ್."

"ಮನೇಲಿ ಸತ್ತಳಲ್ವೇನಮ್ಮ."

ಬ್ಯಾಂಡೇಜಿನ ಬುಟ್ಟಿ ಬರಿಗೈಯಲ್ಲಿ ಎತ್ತುವಾಗ ಯಾರೋ ಎಸೆದ ಸೂಜಿ ಅಕ್ಕನ ಬೆರಳಿಗೆ ಚುಚ್ಚಿತ್ತು. ತೋಳು ಊದಿಕೊಂಡು ಜ್ವರ ಏರಿದಾಗ ಮೇಸ್ತ್ರಿ ಅವಳನ್ನು ಮನೆಗೆ ಅಟ್ಟಿದ. ಜೊತೆಯವರು ಹೆದರಿ ಬಾಗಿಲವರೆಗೂ ಬರಲಿಲ್ಲ. ಅವಳ ಮೈ ತೊಳೆದವಳು ನಾನೊಬ್ಬಳೇ. ಈಗ ಅದೇ ಬುಟ್ಟಿ ನನ್ನ ಪಾಲಿಗೆ ಬಂದಿದೆ.

ಅಷ್ಟರಲ್ಲಿ ಮೇಸ್ತ್ರಿ, ಹೆಂಗಸರ ವಾರ್ಡು ಒರೆಸು ಹೋಗು ಎಂದ. ಈ ತಿಂಗಳು ಒಬ್ಬರಿಗೂ ಸೋಂಕಿಲ್ಲವಂತೆ. ವಾರ್ಡಿನ ಬೋರ್ಡಿನ ಮೇಲೆ ಬುಟ್ಟಿಯಷ್ಟಗಲ ಸೊನ್ನೆ ಬರೆದಿದ್ದರು, ಅದರ ಪಕ್ಕ ನಿಂತು ದೊಡ್ಡ ಡಾಕ್ಟರು ಫೋಟೋ ತೆಗೆಸಿಕೊಳ್ಳುವವರಿದ್ದರು.

ಎಡಗೈಯಲ್ಲಿ ಒರೆಸಿದೆ. ಮೊದಲಾದರೆ ಆ ತುದಿಯಿಂದ ಅಕ್ಕ ಒರೆಸುತ್ತ ಬರುತ್ತಿದ್ದಳು. ನಡುವೆ ಎದುರಾದಾಗ, "ಏನಮ್ಮ ಮಹಾರಾಣಿ, ನಿದ್ದೆ ಆಯ್ತಾ?" ಎಂದು ಬೇಕೆಂದೇ ನನ್ನ ಕಾಲ ಮೇಲೆ ಮಾಪು ಎಳೆಯುತ್ತಿದ್ದಳು. ಇವತ್ತು ಆ ಗೋಡೆಯವರೆಗೂ ನಾನೇ ಒರೆಸಿದೆ. ಯಾರೂ ಎದುರಾಗಲಿಲ್ಲ. ನಾಳೆ ನಾನು ಹೋದರೆ ನನ್ನ ಮೈ ತೊಳೆಯುವವರು ಯಾರು?

ಒಂಬತ್ತನೇ ಹಾಸಿಗೆ ಖಾಲಿಯಿತ್ತು. ಫೋಟೋಕ್ಕೆಂದು ಬಿಳೀ ಚಾದರ ಹೊಸದಾಗಿ ಹಾಸಿದ್ದರು. ಡಾಕ್ಟರು, ನರ್ಸುಗಳು, ಗುಮಾಸ್ತರು, ಕ್ಯಾಮೆರಾದವನು ಎಲ್ಲ ಬಂದು ನಿಂತರು. ಮಾಪು ಗೋಡೆಗೆ ಒರಗಿಸಿದೆ. ಚಪ್ಪಲಿ ಬಿಟ್ಟು ಆ ಹಾಸಿಗೆ ಹತ್ತಿ ಮಲಗಿದೆ. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಕೈಯನ್ನು ಚಾದರದ ಮೇಲೆ ಚಾಚಿಟ್ಟೆ.

"ಬರ್ಕೊಳ್ಳಿ ಸಾರ್" ಎಂದೆ ಗುಮಾಸ್ತರಿಗೆ. "ಒಂಬತ್ತನೇ ಹಾಸಿಗೆ. ಕೆಲಸಕ್ಕೆ ಬಂದಾಗ ಇರ್ಲಿಲ್ಲ, ಇಲ್ಲೇ ಅಂಟಿದ್ದು."

"ಎದ್ದೇಳೇ, ಲೌಡಿ" ಎಂದು ಮೇಸ್ತ್ರಿ ನುಗ್ಗಿ ಬಂದವನು, ಚಾದರಕ್ಕೆ ಇಳಿಯುತ್ತಿದ್ದ ಕೀವು ಕಂಡು ಅಲ್ಲೇ ನಿಂತ. ಚಾಚಿದ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಬರಿಗೈಲಿ ಮುಟ್ಟಬೇಡ್ರೋ" ಎಂದರು ದೊಡ್ಡ ಡಾಕ್ಟರು.

ನನ್ನನ್ನು ಎಬ್ಬಿಸಲು ವಾರ್ಡಿನ ತುಂಬ ಎಲ್ಲರೂ ಗ್ಲೌಸ್ ಹುಡುಕತೊಡಗಿದರು.