ನಕಾಶೆಗಾರನ ಒಳದಾರಿ

ಮೂವತ್ತು ವರ್ಷ ಬೆಟ್ಟಗಳ ನಕಾಶೆ ಬರೆದ ಮನುಷ್ಯ ತನ್ನ ಆಫೀಸಿನ ಮೂರನೇ ಮಹಡಿಗಿಂತ ಮೇಲೆ ಹತ್ತಿದವನೇ ಅಲ್ಲ. ಅಳತೆ ಮಾಡಿ ತರುವವರು ಬೇರೆ, ಗೀಟು ಎಳೆಯುವವನು ಇವನು. ನಿವೃತ್ತಿಯಾದ ತಿಂಗಳಿಗೇ ಮಗಳು ಹಟ ಹಿಡಿದಳು. "ನೀನೇ ಬರೆದ ಸರೋವರ, ಒಂದ್ಸಲ ಕಣ್ಣಾರೆ ನೋಡ್ಬೇಡ್ವಾ?" ಅಂಗಡಿಯಿಂದ ಅವನದೇ ನಕಾಶೆ ಕೊಂಡು ತಂದಳು. ಅವನೂ ಹುಮ್ಮಸ್ಸಿನಲ್ಲಿ ಹೊಸ ಬೂಟು ಕೊಂಡ.

ಬೂಟು ಎರಡೇ ಗಂಟೆಯಲ್ಲಿ ಸೇಡು ತೀರಿಸಿಕೊಂಡಿತು. ಪೈನ್ ಮರಗಳು ಮುಗಿದು ಬರೀ ಕಲ್ಲು, ಹುಲ್ಲು ಶುರುವಾಗುವ ಕಡೆ ಅವನು ಕೂತು ಹಿಮ್ಮಡಿಯ ಗುಳ್ಳೆಗೆ ಪಟ್ಟಿ ಹಚ್ಚುತ್ತಿದ್ದ. ಮಗಳು ಮುಂದೆ ಹೋಗಿದ್ದಳು. ತಿರುವಿನಿಂದ ಅವಳ ಕೂಗು ಕೇಳಿಸಿತು.

"ಅಪ್ಪಾ, ಇಲ್ಲಿ ಎಡಕ್ಕೆ ಒಳದಾರಿ ಇದೆ! ನೀನೇ ಬರೆದಿದೀಯಲ್ಲ, ಅದೇ! ನಾನು ಹೋಗಿರ್ತೀನಿ, ಬಾ!"

"ಹೂಂ," ಅಂದ ಮಹಾರಾಯ. ಇನ್ನೊಂದು ಪಟ್ಟಿ ಹಚ್ಚಿದ. ಆಮೇಲೆ ಥಟ್ಟನೆ ತಲೆಯೆತ್ತಿದ. ಒಳದಾರಿಯೇ?

ಅಲ್ಲಿ ಒಳದಾರಿ ಇರಲಿಲ್ಲ. ಅವನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಅವರ ಆಫೀಸಿನಲ್ಲಿ ಒಂದು ಪದ್ಧತಿ. ಪ್ರತಿ ನಕಾಶೆಯಲ್ಲೂ ಒಂದು ಸಣ್ಣ ಸುಳ್ಳು ಸೇರಿಸುವುದು. ಬೇರೆ ಕಂಪನಿಯವರು ಕದ್ದು ಅಚ್ಚು ಹಾಕಿದರೆ ಆ ಸುಳ್ಳೂ ಅವರ ನಕಾಶೆಗೆ ಬಂದು, ಕಳ್ಳ ಸಿಕ್ಕಿಬೀಳುತ್ತಾನೆ. ಯಾರೂ ಕಾಲಿಡದ ಕಡೆ ಒಂದು ಹೊಂಡವನ್ನೋ ಗುಡಿಸಲನ್ನೋ ಬರೆದರೆ ಸಾಕು. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ, ಮನೆಗೆ ಹೋಗುವ ಅವಸರದಲ್ಲಿ, ಇವನು ಸರೋವರದ ಎಡಕ್ಕೆ ಒಳದಾರಿಯೆಂದು ಅರ್ಧ ಬೆರಳುದ್ದ ಚುಕ್ಕಿಗೆರೆ ಎಳೆದಿದ್ದ. ಕಡಿದಾದ ಬಂಡೆಯ ಮೇಲೆ ಯಾರು ತಾನೇ ಹೋಗುತ್ತಾರೆ ಎಂದುಕೊಂಡಿದ್ದ. ಕಾಗದದ ಮೇಲೆ ಆ ದಾರಿ ಒಂದು ಗಂಟೆ ಉಳಿಸುತ್ತದೆ ಎನ್ನುವುದು ಅವನ ತಲೆಗೆ ಹೊಳೆದಿರಲಿಲ್ಲ.

ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ. ಹಾಗೇ ಓಡಿದ. ಕೂಗಿದ. ಗಾಳಿ ಕೂಗನ್ನು ಅವನ ಮುಖಕ್ಕೇ ಎರಚಿತು.

ತಿರುವಿನಲ್ಲಿ ಗರ ಬಡಿದವನಂತೆ ನಿಂತ. ಹುಲ್ಲು ಇರಬೇಕಾದ ಕಡೆ ದಾರಿ ಇತ್ತು. ಸವೆದ, ನುಣುಪಾದ, ನಿಜವಾದ ದಾರಿ! ಯಾರೋ ಪುಣ್ಯಾತ್ಮರು ಗುರುತಿಗೆಂದು ಕಲ್ಲು ಕೂಡ ಪೇರಿಸಿಟ್ಟಿದ್ದರು. ಅವನ ಸುಳ್ಳನ್ನು ಜನ ತುಳಿದು ತುಳಿದು ದಾರಿ ಮಾಡಿಬಿಟ್ಟಿದ್ದರು.

ಇನ್ನೂರು ಹೆಜ್ಜೆಯ ಆಚೆ ದಾರಿ ಸಡಿಲ ಕಲ್ಲಿನ ಇಳಿಜಾರಾಯಿತು. ಇಳಿಜಾರಿನ ಕೊನೆಗೆ ಪ್ರಪಾತ, ಬರೀ ಆಕಾಶ. ಆ ಅಂಚಿಗೆ ಎರಡು ಮಾರು ಮೇಲೆ ಮಗಳು ಒಂದು ಪೊದೆಯ ಬೇರು ಹಿಡಿದು ಅಂಗಾತ ಬಿದ್ದಿದ್ದಳು.

"ಅಲ್ಲಾಡ್ಬೇಡ! ಮಗಳೇ, ಅಲ್ಲಾಡ್ಬೇಡ!"

ಹೊಟ್ಟೆಯ ಮೇಲೆ ಮಲಗಿ, ಬ್ಯಾಗಿನ ಪಟ್ಟಿ ಇಳಿಬಿಟ್ಟು ಎಳೆದ. ಎಲ್ಲಿಂದ ಬಂತೋ ಆ ಬಲ, ದೇವರಿಗೇ ಗೊತ್ತು. ಗಟ್ಟಿ ಬಂಡೆಯ ಮೇಲೆ ಬಂದ ಮೇಲೂ ಅವನು ಅವಳ ಕೈ ಬಿಡಲಿಲ್ಲ.

ಮೊದಲು ಮಾತಾಡಿದವಳು ಅವಳೇ. "ಇತ್ತೀಚೆಗೆ ಗುಡ್ಡ ಕುಸಿದಿರ್ಬೇಕಪ್ಪ. ನಿಮ್ಮ ಆಫೀಸಿಗೆ ಹೇಳು, ತಿದ್ದಲಿ. ನೀನು ಬರೆದಾಗ ಸರಿಯಾಗೇ ಇತ್ತು ಅನ್ಸುತ್ತೆ. ಇಲ್ಲಾಂದ್ರೆ ನೀನು ಬರೀತಿದ್ಯಾ?"

ಅವಳ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಆದರೂ ಅಪ್ಪನ ಪರವಾಗಿಯೇ ವಕಾಲತ್ತು! ಅವನಿಗೆ ಭೂಮಿ ಬಾಯ್ತೆರೆಯಬಾರದೇ ಅನ್ನಿಸಿತು. ಸುಮ್ಮನೆ ಹೂಂ ಅಂದುಬಿಡಬಹುದಿತ್ತು. ಅನ್ನಲಿಲ್ಲ. ಪದ್ಧತಿ, ಕಳ್ಳರು, ಆ ಸಂಜೆಯ ಅವಸರ, ಎಲ್ಲ ಹೇಳಿದ.

"ತಮಾಷೆ ಮಾಡ್ತಿದೀಯಾ?"

"ಇಲ್ಲ ಕಣಮ್ಮ."

ಅವಳು ಅವನನ್ನು ಗುರುತಿಲ್ಲದವನ ಹಾಗೆ ನೋಡಿದಳು. ಆಮೇಲೆ ತಾವು ಬಂದ ಸವೆದ ದಾರಿಯ ಕಡೆ ತಿರುಗಿದಳು.

"ಹಾಗಾದ್ರೆ ಇದನ್ನ ಸವೆಸಿದವರೆಲ್ಲ... ವಾಪಸ್ ಹೋದ್ರಾ ಅಪ್ಪ?"

ಅವಳು ಅವನ ಕೈ ಬಿಡಿಸಿಕೊಂಡು ಬಂಡೆಯ ತುದಿಗೆ ತೆವಳಿದಳು, ಕೆಳಗೆ ಇಣುಕಿ ನೋಡಲು. ಅವನು ಅವಳ ಎರಡೂ ಕಾಲು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದ.