ಕಾಣೆಯಾದ ಎರಡು ಗಂಟೆ

ನಿದ್ದೆ ಬರುವುದಿಲ್ಲ ಎಂದು ಗೋಳಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನಗೆ ಕೂತಲ್ಲೇ ಬರುತ್ತದೆ. ಏಳು ಗಂಟೆ ಮಲಗಿ ಎದ್ದರೂ ಕಲ್ಲು ಹೊತ್ತವಳ ಹಾಗೆ ಮೈಕೈ ನೋವು. ನನ್ನ ಕೆಲಸ ವಿಚಾರಣೆಗಳ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವುದು. ಕಿವಿಗೆ ಹೆಡ್‌ಫೋನು, ಕಾಲಡಿ ಪೆಡಲು. ಒತ್ತಿದರೆ ಮಾತು ಹಿಂದಕ್ಕೆ ಹೋಗುತ್ತದೆ. ಹೋದ ವಾರ ಕೀಲಿಮಣೆಯ ಮೇಲೇ ತೂಕಡಿಸಿ, ಒಬ್ಬ ಸಾಕ್ಷಿಯ ಬಾಯಲ್ಲಿ ಮೂರು ಪುಟ ಬರೀ 'ಳಳಳ' ಹೇಳಿಸಿಬಿಟ್ಟೆ.

ಡಾಕ್ಟರಮ್ಮನ ಹತ್ತಿರ ಹೋದೆ. ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ನನಗೂ ತಂಗಿಗೂ ಹದಿನಾರನೇ ವಯಸ್ಸಿನಿಂದ ಇದೆ. ಮುಟ್ಟು ಮೂರು ತಿಂಗಳಿಗೊಮ್ಮೆ ಬಂದರೆ ಬಂತು. ಗಲ್ಲದ ಮೇಲಿನ ಕೂದಲು ಮಾತ್ರ ಹೇಳಿದ ಹೊತ್ತಿಗೆ ಹಾಜರ್. ಈ ಸಲ ಸಕ್ಕರೆಯೂ ಏರಿತ್ತು.

"ಗೊರಕೆ ಹೊಡೀತೀರಾ?"

"ಒಬ್ಬಳೇ ಮಲಗೋದು ಡಾಕ್ಟ್ರೇ. ಗೋಡೆನ ಕೇಳ್ಬೇಕು."

"ಈ ತೊಂದರೆ ಇರೋರಿಗೆ ನಿದ್ದೇಲಿ ಉಸಿರು ನಿಂತು ನಿಂತು ಬರೋದುಂಟು. ನಿದ್ದೆ ಕೆಟ್ರೆ ಸಕ್ಕರೆನೂ ಕೆಡುತ್ತೆ. ಪರೀಕ್ಷೆಗೆ ಬರೆದುಕೊಡ್ತೀನಿ. ಅಷ್ಟರಲ್ಲಿ ಒಂದು ರಾತ್ರಿ ರೆಕಾರ್ಡ್ ಮಾಡಿ. ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?"

"ಅಮ್ಮನಿಗೆ. ಎಂಟು ವರ್ಷ ಆಯ್ತು. ನಿದ್ದೇಲೇ ಹೋದ್ಲು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. 'ಪುಣ್ಯವಂತೆ, ಸದ್ದಿಲ್ಲದೆ ಹೋದಳು' ಎಂದು ಅವತ್ತು ಬಂದವರೆಲ್ಲ ಹೇಳಿದ್ದರು. ನಾನೂ ತಲೆಯಾಡಿಸಿದ್ದೆ.

ಆಫೀಸಿನ ರೆಕಾರ್ಡರನ್ನೇ ದಿಂಬಿನ ಪಕ್ಕ ಇಟ್ಟು ಮಲಗಿದೆ. ಬೆಳಿಗ್ಗೆ ಕೆಲಸದ ಮೇಜಿನಲ್ಲಿ ಹಚ್ಚಿ ಕೇಳಿದರೆ ಒಂದರ ಹಿಂದೊಂದು ಗೊರಕೆ, ಎಲ್ಲೂ ತಡೆಯಿಲ್ಲ. "ಬೆಟ್ಟ ಅಗೆದು ಇಲಿ ಹಿಡಿದಂಗಾಯ್ತು" ಎಂದು ಪಕ್ಕದ ಮೇಜಿನ ಹಿರಿಯಕ್ಕನಿಗೆ ಹೇಳಿ ನಕ್ಕೆ.

ಅವರು ಪರದೆ ನೋಡಿದರು. "ಎಷ್ಟೊತ್ತು ಮಲಗಿದ್ದೆ?"

"ಏಳು ಗಂಟೆ."

"ಇಲ್ಲಿ ಐದೇ ಇದೆಯಲ್ಲೇ."

ರೆಕಾರ್ಡರನ್ನು ಎತ್ತಿ ತಿರುಗಿಸಿ ನೋಡಿದೆ. ನಮ್ಮ ರೆಕಾರ್ಡರುಗಳಲ್ಲಿ ಒಂದು ಗುಂಡಿ ಸದಾ ಒತ್ತಿಯೇ ಇರುತ್ತದೆ. ಸದ್ದು ನಿಂತರೆ ಯಂತ್ರವೂ ನಿಲ್ಲುತ್ತದೆ. ಸದ್ದು ಬಂದಾಗ ಮತ್ತೆ ಶುರು. ಮೌನವನ್ನು ಟೈಪ್ ಮಾಡಿ ಯಾರಿಗೇನು ಲಾಭ? ಆ ಗುಂಡಿ ಬಿಡಿಸುವುದನ್ನೇ ಮರೆತಿದ್ದೆ, ದರಿದ್ರದವಳು. ಆ ಎರಡು ಗಂಟೆ ನಾನೆಲ್ಲಿದ್ದೆ?

ಆ ರಾತ್ರಿ ರೆಕಾರ್ಡರಿನ ಗುಂಡಿ ಬಿಡಿಸಿಟ್ಟು ಮಲಗಿದೆ. ಮರುದಿನ ಆಫೀಸಿನಲ್ಲಿ ರೂಢಿಯಂತೆ ಕೇಳುತ್ತ ಟೈಪ್ ಮಾಡಿದೆ. ಗೊರಕೆ. ಗೊರಕೆ. ಮೌನ, ಇಪ್ಪತ್ತು ಸೆಕೆಂಡು. ಗೊರಕೆ. ಮೌನ, ನಲವತ್ತೊಂದು. ಆ ಮೌನದಲ್ಲಿ ಗಡಿಯಾರವಿತ್ತು, ನಲ್ಲಿಯ ಹನಿಯಿತ್ತು, ನಾನಿರಲಿಲ್ಲ. ಆಮೇಲೆ, ಮುಳುಗಿದವರನ್ನು ಜುಟ್ಟು ಹಿಡಿದು ಎತ್ತಿದ ಹಾಗೆ ಒಂದು ಏದುಸಿರು. ಬದುಕಿ ಕೂತು ಕೇಳುತ್ತಿರುವವಳು ನಾನೇ. ಆದರೂ ಪ್ರತಿ ಸಲ, ಇವಳು ಈ ಸಲ ಏಳುತ್ತಾಳೋ ಇಲ್ಲವೋ ಎಂದು ಹೆದರಿದೆ. ಸದ್ದಿಲ್ಲದೆ ಹೋದಳಂತೆ! ಯಾರು ಕಿವಿಗೊಟ್ಟಿದ್ದರು ಅಮ್ಮನಿಗೆ?

ತಂಗಿಗೆ ಫೋನ್ ಮಾಡಿದೆ. ಎತ್ತಿದ್ದು ಅವಳ ಗಂಡ.

"ಮಲಗಿದ್ದಾಳೆ ಅಕ್ಕ, ರಾತ್ರಿ ಪಾಳಿ ಇತ್ತು. ಇಷ್ಟೊತ್ತು ಗೊರಕೆ ಹೊಡೆದು ಮನೆ ಹಾರಿಸ್ತಿದ್ಲು. ಈಗ ನೋಡಿ, ಸದ್ದೇ ಇಲ್ಲ."

"ಫೋನು ಅವಳ ಮುಖದ ಹತ್ರ ಹಿಡಿ."

"ಯಾಕಕ್ಕ?"

"ಹಿಡಿಯಪ್ಪಾ ಅಂದ್ರೆ!"

ಹಿಡಿದ. ಫ್ಯಾನಿನ ಸದ್ದು. ನನ್ನ ಬೆರಳುಗಳು ತಾವಾಗಿಯೇ ಟೈಪ್ ಮಾಡತೊಡಗಿದವು. ಮೌನ, ಹತ್ತು. ಇಪ್ಪತ್ತು. "ಏಳೇ! ಎದ್ದೇಳೇ!" ಎಂದು ಕಿರುಚಿದೆ. ಆಫೀಸಿಗೆ ಆಫೀಸೇ ತಿರುಗಿ ನೋಡಿತು. ಮೂವತ್ತು. ನಲವತ್ತು. ಮೇಜಿನಡಿ ನನ್ನ ಕಾಲು ಪೆಡಲು ಒತ್ತುತ್ತಲೇ ಇತ್ತು, ಹಿಂದಕ್ಕೆ, ಇನ್ನೂ ಹಿಂದಕ್ಕೆ. ಐವತ್ತೆರಡಕ್ಕೆ ಆ ಏದುಸಿರು ಬಂತು.

"ಅಕ್ಕಾ?" ತಂಗಿಯ ದನಿ ನಿದ್ದೆಗಣ್ಣಿನದು, ಮುನಿಸಿನದು. "ಯಾಕೆ ಎಬ್ಬಿಸಿದೆ? ಅಮ್ಮ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಡ್ತಿದ್ಲು ಕಣೇ."

"ಎದ್ದು ಕೂತ್ಕೋ," ಎಂದೆ. "ನಾನು ಬರೋವರೆಗೂ ಮಲಗಬೇಡ."